ಗೇಮ್‌ಡೆಕ್ ಮೊದಲ ಸಲ ಆಡೋರಿಗೆ: ಸಾಕ್ಷಿ ಹುಡುಕೋದು ಹೇಗೆ, ತೀರ್ಮಾನ ಮಾಡೋದು ಯಾವಾಗ

ಪತ್ತೇದಾರಿ ಆಟ ಅಂತ ಎಷ್ಟೋ ಬರ್ತಾವೆ, ಆದ್ರೆ ಬಹಳಷ್ಟರಲ್ಲಿ ಪತ್ತೆ ಮಾಡೋ ಕೆಲಸ ಆಟವೇ ಮಾಡ್ಬಿಡತ್ತೆ, ಹೊಳೀತಿರೋ ವಸ್ತು ಮೇಲೆಲ್ಲಾ ಕ್ಲಿಕ್ ಮಾಡಿದ್ರೆ ಸಾಕು, ಕೊನೆಗೆ ಹೀರೋನೇ ಬಂದು ಕೊಲೆಗಾರ ಯಾರು ಅಂತ ಹೇಳ್ತಾನೆ. ಗೇಮ್‌ಡೆಕ್ ಹಾಗಲ್ಲ. ಇದರಲ್ಲಿ ತೀರ್ಮಾನ ಪೂರ್ತಿ ನಿಮ್ಮದೇ, ನೀವು ತಪ್ಪು ತೀರ್ಮಾನಕ್ಕೆ ಬಂದ್ರೂ ಆಟ ತಡೆಯಲ್ಲ, ತಪ್ಪು ಅಂತ ಹೇಳೋದೂ ಇಲ್ಲ, ಅದನ್ನೇ ನಿಜ ಅಂತ ಇಟ್ಕೊಂಡು ಕಥೆ ಮುಂದೆ ಹೋಗತ್ತೆ. ನನಗೆ ಈ ಆಟದ ಮೇಲೆ ಇಷ್ಟು ಪ್ರೀತಿ ಇರೋದು ಅದೊಂದೇ ಕಾರಣಕ್ಕೆ. ಆದ್ರೆ ಮೊದಲ ಸಲ ಆಡೋರು ಬೇರೆ ಆಟದ ಅಭ್ಯಾಸದಲ್ಲೇ ಸರಸರ ಕ್ಲಿಕ್ ಮಾಡ್ಕೊಂಡು ಹೋಗಿ, ಕೇಸು ಅರ್ಥ ಆಗೋ ಮುಂಚೆ ಮುಗ್ಸಿ, ಏನೂ ಇಲ್ಲ ಇದರಲ್ಲಿ ಅಂತ ಅನ್‌ಇನ್‌ಸ್ಟಾಲ್ ಮಾಡ್ತಾರೆ. ಅಂಥವರಿಗಾಗಿ ಇದನ್ನ ಬರೀತಿದೀನಿ. ಕಥೆಯ ಗುಟ್ಟು ಯಾವುದೂ ಬಿಟ್ಟುಕೊಡಲ್ಲ, ಮೊದಲ ಕೇಸಿನ ಶುರು ಎಷ್ಟು ಬೇಕೋ ಅಷ್ಟು ಮಾತ್ರ ಹೇಳ್ತೀನಿ.

ಆಟ ಯಾವುದು, ಎಲ್ಲಿಂದ ಬಂತು

ಪೋಲೆಂಡಿನ ಕಟೋವಿಟ್ಸೆ ಊರಲ್ಲಿರೋ ಅನ್‌ಶರ್ ಸ್ಟುಡಿಯೋಸ್ ಅವರ ಆಟ ಇದು. 2020ರಲ್ಲಿ ಕಿಕ್‌ಸ್ಟಾರ್ಟರ್ ಅನ್ನೋ ವೆಬ್‌ಸೈಟಲ್ಲಿ ಜನರ ಹತ್ರ ದುಡ್ಡು ಸೇರಿಸಿದ್ರು, 2021ರ ಸೆಪ್ಟೆಂಬರ್ 16ಕ್ಕೆ ಪಿಸಿಗೆ ಬಂತು, ಮುಂದಿನ ವರ್ಷ ನಿಂಟೆಂಡೊ ಸ್ವಿಚ್ ಅನ್ನೋ ಕೈಯಲ್ಲಿ ಹಿಡಿದು ಆಡೋ ಗೇಮ್ ಯಂತ್ರಕ್ಕೂ ಬಂತು. ಇದರ ಹಿಂದೆ ಅಲ್ಲಿನ ಲೇಖಕ ಮಾರ್ಚಿನ್ ಪ್ಶಿಬಿಲೆಕ್ 2004ರಿಂದ ಬರ್ಕೊಂಡು ಬಂದಿರೋ ಕಾದಂಬರಿಗಳಿವೆ, ಅವನ್ನ ಓದಿರಬೇಕು ಅಂತೇನಿಲ್ಲ, ಆಟ ತನ್ನಷ್ಟಕ್ಕೆ ತಾನೇ ನಿಲ್ಲತ್ತೆ.

ಕಥೆ ನಡೆಯೋದು ಇಪ್ಪತ್ತೆರಡನೇ ಶತಮಾನದ ವಾರ್ಸಾ ಸಿಟಿಯಲ್ಲಿ. ಈಗಿನ ಪೋಲೆಂಡಿನ ರಾಜಧಾನಿ ಇದೆಯಲ್ಲ, ಅದೇ ಮುಗಿಲೆತ್ತರಕ್ಕೆ ಬೆಳೆದಿದೆ ಅಂದ್ಕೊಳ್ಳಿ, ದುಡ್ಡಿರೋರು ಮೇಲಿನ ಊರಲ್ಲಿ, ಇಲ್ಲದೋರು ಕೆಳಗಿನ ಊರಲ್ಲಿ. ಜನ ನಿಜ ಜೀವನದಲ್ಲಿ ಕಳೆಯೋದಕ್ಕಿಂತ ಹೆಚ್ಚು ಹೊತ್ತು ವರ್ಚುವಲ್ ಪ್ರಪಂಚಗಳಲ್ಲಿ ಕಳೀತಾರೆ. ಆ ಪ್ರಪಂಚಗಳಿಗೆ ಆಟದಲ್ಲಿ ವರ್ಚುವಾಲಿಯಾ ಅಂತಾರೆ, ನಾವು ನೀವು ಊಟ ಮಾಡೋ ನಿದ್ದೆ ಮಾಡೋ ಪ್ರಪಂಚಕ್ಕೆ ರಿಯಾಲಿಯಂ. ಈ ಎರಡು ಹೆಸರು ಮೊದಲೇ ನೆನಪಿಟ್ಕೊಳ್ಳಿ, ಎಲ್ಲರ ಬಾಯಲ್ಲೂ ಇದೇ ಬರತ್ತೆ. ಮನುಷ್ಯರು ಹೋದಲ್ಲೆಲ್ಲಾ ಮೋಸ, ದ್ವೇಷ, ಬ್ಲ್ಯಾಕ್‌ಮೇಲ್ ಹಿಂದೇನೇ ಹೋಗುತ್ತಲ್ಲ, ಹಾಗಾಗಿ ವರ್ಚುವಲ್ ಪ್ರಪಂಚದೊಳಗೆ ಆಗೋ ಅಪರಾಧ ಪತ್ತೆ ಮಾಡೋಕೆ ಅಂತಲೇ ಒಂದು ಕಸುಬು ಹುಟ್ಟಿದೆ, ಆ ಕಸುಬಿನವರೇ ಗೇಮ್‌ಡೆಕ್‌ಗಳು. ನೀವು ಅವರಲ್ಲೊಬ್ಬರು.

ಮೇಲಿನಿಂದ ಓರೆಯಾಗಿ ನೋಡೋ ಥರದ ಆಟ, ಮೌಸಲ್ಲಿ ಕ್ಲಿಕ್ ಮಾಡಿದ ಕಡೆ ನಿಮ್ಮ ಪಾತ್ರ ನಡ್ಕೊಂಡು ಹೋಗತ್ತೆ. ಹೊಡೆದಾಟದ ವ್ಯವಸ್ಥೆ ಇಲ್ಲವೇ ಇಲ್ಲ, ಗನ್ ಹಿಡ್ಕೊಂಡು ಓಡಾಡೋದು, ಲೆವೆಲ್ ಏರಿಸಿ ಬಾಸ್ ಅನ್ನೋ ದೊಡ್ಡ ಶತ್ರುನ ಹೊಡೆಯೋದು ಯಾವುದೂ ಇಲ್ಲ. ನೋಡೋದು, ಓದೋದು, ಮಾತಾಡೋದು, ಯೋಚನೆ ಮಾಡೋದು, ಇಷ್ಟೇ.

ತಗೊಳ್ಳೋ ಮುಂಚೆ

ಓದೋ ಕೆಲಸ ತುಂಬಾ ಇದೆ, ಅದೂ ಇಂಗ್ಲಿಷಲ್ಲಿ, ಕನ್ನಡದಲ್ಲಿ ಇಲ್ಲ. ಪುಟಗಟ್ಟಲೆ ಸಂಭಾಷಣೆ, ಅದರ ಮಧ್ಯೆ ಇವರೇ ಕಟ್ಟಿರೋ ಹೊಸ ಪದಗಳು ಬೇರೆ, ಮೊದಲ ಅರ್ಧ ಗಂಟೆ ತಲೆ ಬಿಸಿ ಆಗೋದು ಸಹಜ, ಹೆದರ್ಕೋಬೇಡಿ. ಕೋಡೆಕ್ಸ್ ಅಂತ ಒಂದು ವಿಭಾಗ ಇದೆ, ಅದರಲ್ಲಿ ಆ ಪ್ರಪಂಚ, ಜನ, ಸಂಸ್ಥೆಗಳ ಬಗ್ಗೆ ನೀವು ತಿಳ್ಕೊಂಡಂಗೆಲ್ಲಾ ಮಾಹಿತಿ ಸೇರ್ತಾ ಹೋಗತ್ತೆ. ಗೊತ್ತಿಲ್ಲದ ಹೆಸರು ಬಂದಾಗ ಮಾತು ಮುಗಿದ ಮೇಲೆ ಅಲ್ಲಿ ಹೋಗಿ ಒಂದ್ಸಲ ನೋಡ್ಬಿಡಿ. ಶುರುವಲ್ಲೇ ಕೂತು ಕೋಡೆಕ್ಸ್ ಪೂರ್ತಿ ಓದೋಕೆ ಹೋಗ್ಬೇಡಿ, ಪರೀಕ್ಷೆಗೆ ಓದಿದಂಗೆ ಆಗಿ ಬೇಜಾರು ಬರತ್ತೆ, ಕೇಸಿಗೆ ಬೇಕಾದಾಗ ಬೇಕಾದಷ್ಟು ಓದಿದ್ರೆ ಅದೇ ತಲೇಲಿ ನಿಲ್ಲತ್ತೆ.

ಸ್ಕ್ರೀನ್ ದೊಡ್ಡದಿದ್ದಷ್ಟೂ ಒಳ್ಳೇದು. ಸ್ವಿಚ್ ಕೈಯಲ್ಲಿ ಹಿಡ್ಕೊಂಡು ಇಷ್ಟು ಓದೋದು ಕಣ್ಣಿಗೆ ಕಷ್ಟ, ನನ್ನ ಕೇಳಿದ್ರೆ ಪಿಸಿ ಅಥ್ವಾ ಟಿವಿಗೆ ಕನೆಕ್ಟ್ ಮಾಡಿಯೇ ಆಡಿ ಅಂತೀನಿ. ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತಗೊಂಡ್ರೆ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ರೆ ರೀಫಂಡ್ ಕೇಳಬಹುದು, ಆ 2 ಗಂಟೆಯಲ್ಲಿ ಇದು ನಿಮ್ಮ ಥರದ ಆಟ ಹೌದೋ ಅಲ್ವೋ ಅಂತ ಖಂಡಿತ ಗೊತ್ತಾಗತ್ತೆ. ಇನ್ನೊಂದು ವಿಷಯ, ಇದು ದೊಡ್ಡವರ ಆಟ. ಮೊದಲ ಕೇಸು ನಡೆಯೋ ವರ್ಚುವಲ್ ಪ್ರಪಂಚದ ಹೆಸರೇ ಟ್ವಿಸ್ಟೆಡ್ ಅಂಡ್ ಪರ್ವರ್ಟೆಡ್, ಹಿಂಸೆ ಮತ್ತು ಲೈಂಗಿಕ ವಿಷಯ ಎರಡೂ ಇದೆ, ಮಕ್ಕಳು ಓಡಾಡೋ ಹಾಲಲ್ಲಿ ಕೂತು ಆಡೋದು ಬೇಡ.

ಮತ್ತೆ ಎಲ್ಲಕ್ಕಿಂತ ಮುಖ್ಯವಾದದ್ದು, ನಿಮಗೆ ಬೇಕಾದ ಜಾಗದಲ್ಲಿ ಸೇವ್ ಮಾಡೋ ಬಟನ್ ಇದರಲ್ಲಿ ಇಲ್ಲ. ಆಟವೇ ಆಗಾಗ ಸೇವ್ ಮಾಡ್ಕೊಳ್ಳತ್ತೆ. ಅಂದ್ರೆ ಒಂದು ಉತ್ತರ ಕೊಟ್ಟು ನೋಡಿ, ಸರಿ ಹೋಗ್ಲಿಲ್ಲ ಅಂತ ಹಿಂದಿನ ಸೇವ್ ಲೋಡ್ ಮಾಡೋ ಅಭ್ಯಾಸ ಇಲ್ಲಿ ನಡೆಯಲ್ಲ. ಬಾಯಿಂದ ಹೋದ ಮಾತು ಹೋಯ್ತು. ಇನ್ನು ಮುಂದೆ ನಾನು ಹೇಳೋದೆಲ್ಲಾ ಇದರ ಮೇಲೇ ನಿಂತಿದೆ.

ಪಾತ್ರ ಕಟ್ಟೋದು

ಶುರುವಲ್ಲಿ ನಿಮ್ಮ ಗೇಮ್‌ಡೆಕ್ ಹೆಸರು, ರೂಪ, ಎಲ್ಲಿಂದ ಬಂದವರು, ಎಂಥಾ ಸ್ವಭಾವ ಅಂತ ಆರಿಸ್ಕೋಬೇಕು. ಇಲ್ಲಿ ಜಾಸ್ತಿ ಹೊತ್ತು ಕೂರ್ಬೇಡಿ. ಯಾವುದು ಬಲಶಾಲಿ ಅಂತ ಲೆಕ್ಕ ಹಾಕೋಕೆ ಇಲ್ಲಿ ಏನೂ ಇಲ್ಲ, ಹುಟ್ಟಿದ ಜಾಗ ಬದಲಾದ್ರೆ ಕೆಲವರು ನಿಮ್ಮ ಹತ್ರ ಮಾತಾಡೋ ಧಾಟಿ ಬದಲಾಗತ್ತೆ, ಕೆಲವು ಕಡೆ ನಿಮಗೆ ಮೊದಲೇ ಗೊತ್ತಿರೋ ವಿಷಯ ಬದಲಾಗತ್ತೆ ಅಷ್ಟೆ. ನನ್ನ ಸಲಹೆ ಏನಂದ್ರೆ ಮೊದಲ ಸಲ ನಿಮ್ಮ ಸ್ವಂತ ಸ್ವಭಾವಕ್ಕೆ ಹತ್ರ ಇರೋದನ್ನೇ ಆರಿಸಿ. ಈ ಆಟ ಪದೇ ಪದೇ ನಿಮ್ಮನ್ನ ನೀವೇನು ಮಾಡ್ತೀರಿ ಅಂತ ಕೇಳತ್ತೆ, ಆಗ ಬೇರೆ ಯಾರದೋ ಪಾತ್ರ ಹೊತ್ಕೊಂಡಿದ್ರೆ ಪ್ರತಿ ಸಲ ಈ ಮನುಷ್ಯ ಏನು ಮಾಡ್ತಿದ್ದ ಅಂತ ಯೋಚಿಸೋದ್ರಲ್ಲೇ ಅರ್ಧ ಗಮನ ಹೋಗತ್ತೆ, ಕೇಸಿನ ಕಡೆ ಗಮನ ಇರಲ್ಲ.

ಇದರಲ್ಲಿ ಮಾಮೂಲಿ ಥರದ ಲೆವೆಲ್ ಇಲ್ಲ ಅಂದ್ನಲ್ಲ, ಅದರ ಬದಲು ನಾಲ್ಕು ಬಣ್ಣದ ಆಸ್ಪೆಕ್ಟ್‌ಗಳಿವೆ, ಕೆಂಪು, ಹಸಿರು, ನೀಲಿ, ಹಳದಿ. ನೀವು ಹೇಗೆ ಮಾತಾಡ್ತೀರಿ, ಕಷ್ಟದ ಸಂದರ್ಭದಲ್ಲಿ ಹೇಗೆ ನಡ್ಕೋತೀರಿ ಅನ್ನೋದರ ಮೇಲೆ ಈ ಬಣ್ಣದ ಪಾಯಿಂಟ್ ಸಿಗ್ತಾ ಹೋಗತ್ತೆ, ಆ ಪಾಯಿಂಟ್ ಕೊಟ್ಟು ವೃತ್ತಿಗಳನ್ನ ಕಲೀಬಹುದು. ಗ್ಲೇಜಿಯರ್ ಅಂದ್ರೆ ಕಂಪ್ಯೂಟರ್ ವ್ಯವಸ್ಥೆ ಒಳಗೆ ನುಗ್ಗೋ ಹ್ಯಾಕರ್, ಸ್ಕಾಲ್ಪೆಲ್ ಅಂದ್ರೆ ದೇಹ, ವೈದ್ಯಕೀಯ ಗೊತ್ತಿರೋನು, ಹೀಗೆ ಒಂದಷ್ಟು ಇವೆ, ಒಂದು ಕಲಿತ ಮೇಲೆ ಅದರಿಂದ ಮುಂದಿನದಕ್ಕೆ ದಾರಿ. ಕಲಿತ ವೃತ್ತಿ ಇದ್ರೆ ಸಂಭಾಷಣೆಯಲ್ಲಿ, ವಸ್ತು ಪರೀಕ್ಷೆ ಮಾಡೋವಾಗ ಹೆಚ್ಚಿನ ಆಯ್ಕೆಗಳು ತೆರ್ಕೊಳ್ತವೆ.

ಇಲ್ಲಿ ಎರಡು ಮಾತು. ಒಂದು, ಒಂದು ನಿರ್ದಿಷ್ಟ ಬಣ್ಣದ ಪಾಯಿಂಟ್ ಬೇಕು ಅಂತ ಅದಕ್ಕೆ ತಕ್ಕಂಗೆ ಉತ್ತರ ಕೊಡೋಕೆ ಹೋಗ್ಬೇಡಿ, ಎದುರಿಗಿರೋ ಮನುಷ್ಯನಿಗೆ ಏನು ಹೇಳ್ಬೇಕೋ ಅದು ಹೇಳಿ, ಪಾಯಿಂಟ್ ತಾನಾಗೇ ಬರತ್ತೆ. ಇನ್ನೊಂದು, ಪಾಯಿಂಟ್ ಸಿಕ್ಕ ತಕ್ಷಣ ಖರ್ಚು ಮಾಡ್ಬೇಡಿ, ಸ್ವಲ್ಪ ಕೈಯಲ್ಲಿ ಇಟ್ಕೊಂಡಿರಿ. ಕೇಸ್ ನಡೆಯೋ ಜಾಗಕ್ಕೆ ಹೋಗಿ ನೋಡಿದ ಮೇಲೆ ಇಲ್ಲಿ ಯಂತ್ರದ ವಿಷಯ ಜಾಸ್ತಿ ಇದೆಯಾ, ದೇಹದ ವಿಷಯ ಜಾಸ್ತಿ ಇದೆಯಾ, ಬರೀ ಜನರ ಜೊತೆ ಮಾತೇ ಜಾಸ್ತಿನಾ ಅಂತ ಒಂದು ಅಂದಾಜು ಬರತ್ತೆ, ಆಮೇಲೆ ಕಲೀರಿ. ಎಲ್ಲಾ ವೃತ್ತಿ ಒಂದೇ ಸಲ ಆಡೋದ್ರಲ್ಲಿ ಸಿಗಲ್ಲ, ಯಾವುದೋ ಒಂದು ಬಾಗಿಲು ಮುಚ್ಚಿದ್ರೆ ಇನ್ನೊಂದು ದಾರಿಯಿಂದ ಅದೇ ಕೇಸು ಮುಗಿಸೋಕೆ ಆಗತ್ತೆ, ಹಾಗಾಗಿ ಕಳ್ಕೊಂಡ್ವಿ ಅನ್ನೋ ಚಿಂತೆ ಬೇಡ.

ಕೇಸಿನ ಜಾಗ ನೋಡೋದು

ಮೊದಲ ಕೇಸು ಹೀಗೆ ಶುರು ಆಗತ್ತೆ. ಜೆಫ್ರಿ ಹ್ಯಾಗಿಸ್ ಅನ್ನೋ ದುಡ್ಡಿರೋ ಮನುಷ್ಯ ನಿಮ್ಮನ್ನ ಮನೆಗೆ ಕರೆಸ್ತಾನೆ. ಅವನ ಮಗ ಫ್ರೆಡೊ ಟ್ವಿಸ್ಟೆಡ್ ಅಂಡ್ ಪರ್ವರ್ಟೆಡ್ ಒಳಗೆ ಸಿಕ್ಕಿಹಾಕ್ಕೊಂಡಿದಾನೆ, ಲಾಗ್ ಔಟ್ ಆಗೋಕೆ ಆಗ್ತಿಲ್ಲ, ದೇಹ ಇಲ್ಲಿ ಮನೇಲಿದೆ, ಹುಡುಗ ಅಲ್ಲಿದಾನೆ. ಇಷ್ಟು ಕೇಳಿದ ತಕ್ಷಣ ಎಲ್ಲರಿಗೂ ಆಟದೊಳಗೆ ಹೋಗಿ ಹುಡುಗನ್ನ ಹುಡುಕ್ಬೇಕು ಅನ್ನೋ ಆತುರ ಬರತ್ತೆ, ಆತುರ ಬರಲಿ ಅಂತಲೇ ಕಥೆ ಹೆಣೆದಿದಾರೆ.

ತಡೀರಿ. ಮನೆ ಪೂರ್ತಿ ನೋಡದೆ ಒಳಗೆ ಹೋಗ್ಬೇಡಿ. ಫ್ರೆಡೊ ಮಲಗಿರೋ ಜಾಗ, ಅವನ ದೇಹ, ಸುತ್ತ ಇರೋ ಯಂತ್ರ, ಅವನ ವಸ್ತುಗಳು, ಅಪ್ಪ ಮಗನ ಬಗ್ಗೆ ಮಾತಾಡೋ ರೀತಿ, ಎಲ್ಲಾ ನೋಡಿ. ರಿಯಾಲಿಯಂನಲ್ಲಿ ನೋಡದೇ ಬಿಟ್ಟ ಒಂದು ವಿಷಯ ವರ್ಚುವಲ್ ಪ್ರಪಂಚದಲ್ಲಿ ಒಂದು ಪ್ರಶ್ನೆ ಕೇಳೋ ಅವಕಾಶವನ್ನೇ ಕಿತ್ಕೊಳ್ಳತ್ತೆ, ಆ ಪ್ರಶ್ನೆ ಪಟ್ಟಿಯಲ್ಲಿ ಕಾಣಲ್ಲ, ಕಾಣದೇ ಇರೋದ್ರಿಂದ ಏನು ತಪ್ಪಿಹೋಯ್ತು ಅಂತಲೂ ನಿಮಗೆ ಗೊತ್ತಾಗಲ್ಲ. ಒಂದು ಜಾಗದಿಂದ ಹೊರಡೋ ಮುಂಚೆ ನಾನು ಮಾಡೋದು ಇಷ್ಟೇ, ಗೋಡೆ ಹಿಡ್ಕೊಂಡು ಒಂದು ಸುತ್ತು ಹಾಕ್ತೀನಿ, ಪ್ರತಿ ಮೂಲೆಗೂ ಹೋಗ್ತೀನಿ, ಮೊದಲೇ ಮಾತಾಡಿದ ಜನರ ಹತ್ರ ಇನ್ನೊಂದ್ಸಲ ಹೋಗ್ತೀನಿ, ಯಾಕಂದ್ರೆ ಈ ಮಧ್ಯೆ ಸಿಕ್ಕ ವಿಷಯದಿಂದ ಅವರ ಹತ್ರ ಹೊಸ ಪ್ರಶ್ನೆ ಹುಟ್ಟಿರತ್ತೆ. ಈ ಎರಡನೇ ಸುತ್ತು ಬಹಳ ಜನ ಬಿಟ್ಬಿಡ್ತಾರೆ.

ಕೆಲವು ಜಾಗ, ಕೆಲವು ಜನ ಒಂದು ಹಂತ ದಾಟಿದ ಮೇಲೆ ಮತ್ತೆ ಸಿಗಲ್ಲ. ಲಾಗಿನ್ ಆಗ್ಬೇಕು, ಇಲ್ಲಿಂದ ಹೊರಡ್ಬೇಕು ಅನ್ನೋ ಥರದ ಆಯ್ಕೆ ಕಂಡ ತಕ್ಷಣ ಕೈ ಮೌಸಿಂದ ತೆಗೆದು ಇಲ್ಲಿ ಕೆಲಸ ಆಯ್ತಾ ಅಂತ ಒಂದ್ಸಲ ಕೇಳ್ಕೊಳ್ಳಿ.

ನೋಟ್ಸ್ ಕನ್ನಡದಲ್ಲೇ ಬರೀರಿ

ಆಟದಲ್ಲೇ ಸಾಕ್ಷಿಗಳ ಪಟ್ಟಿ ಇರತ್ತೆ, ಆದ್ರೂ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಕೊಳ್ಳಿ, ಇದನ್ನ ಸುಮ್ನೆ ಹೇಳ್ತಿಲ್ಲ. ಆಟದ ಪಟ್ಟಿ ಸಾಕ್ಷಿಯನ್ನ ಇಂಗ್ಲಿಷಿನ ಒಂದು ಸಾಲಲ್ಲಿ ಕೊಡತ್ತೆ, ಅದು ಯಾರ ಬಾಯಿಂದ ಬಂತು, ಆಗ ಅವರು ಯಾವ ಮೂಡಲ್ಲಿದ್ರು, ಅವರಿಗೆ ಅದರಿಂದ ಏನು ಲಾಭ ಅನ್ನೋದೆಲ್ಲಾ ಅದರಲ್ಲಿ ಇರಲ್ಲ. ಕನ್ನಡದಲ್ಲಿ ನಿಮ್ಮ ಮಾತಲ್ಲೇ ಬರೆದ್ರೆ ಅರ್ಥ ಆಗಿದೆಯೋ ಇಲ್ವೋ ಅಂತ ಅಲ್ಲೇ ಗೊತ್ತಾಗತ್ತೆ, ಬರೆಯೋಕೆ ಆಗ್ತಿಲ್ಲ ಅಂದ್ರೆ ಆ ಸಂಭಾಷಣೆ ಸರಿಯಾಗಿ ಓದಿಲ್ಲ ಅಂತ.

ಪುಟವನ್ನ ಮೂರು ಭಾಗ ಮಾಡಿ. ಮೊದಲನೇದ್ರಲ್ಲಿ ನಾನು ಕಣ್ಣಾರೆ ನೋಡಿದ್ದು, ಅಂದ್ರೆ ವಸ್ತು, ದೇಹ, ದಾಖಲೆ. ಎರಡನೇದ್ರಲ್ಲಿ ಯಾರೋ ಹೇಳಿದ್ದು, ಪಕ್ಕದಲ್ಲೇ ಅವರ ಹೆಸರು. ಮೂರನೇದ್ರಲ್ಲಿ ನಾನು ಅಂದ್ಕೊಂಡಿದ್ದು. ಕೇಸು ಅರ್ಧ ಆದಾಗ ಈ ಪುಟ ತೆಗೆದು ನೋಡಿ, ಮೂರನೇ ಭಾಗ ಉದ್ದ ಇದ್ದು ಮೊದಲನೇದು ಚಿಕ್ಕದಿದ್ರೆ ನೀವು ಕಥೆ ಕಟ್ತಿದೀರಿ, ತನಿಖೆ ಮಾಡ್ತಿಲ್ಲ. ಎರಡನೇ ಭಾಗದಲ್ಲಿ ಒಬ್ಬರದೇ ಹೆಸರು ಮತ್ತೆ ಮತ್ತೆ ಬರ್ತಿದ್ರೆ ಆ ಒಬ್ಬ ಮನುಷ್ಯ ನಿಮ್ಮನ್ನ ತನಗೆ ಬೇಕಾದ ಕಡೆ ಕರ್ಕೊಂಡು ಹೋಗ್ತಿರಬಹುದು, ಬೇರೆಯವರನ್ನ ಹುಡುಕಿ ಕೇಳಿ.

ವರ್ಚುವಲ್ ಪ್ರಪಂಚದಲ್ಲಿ ಇದು ಇನ್ನೂ ಮುಖ್ಯ, ಯಾಕಂದ್ರೆ ಅಲ್ಲಿ ಎಲ್ಲರೂ ಅವತಾರ ಹಾಕ್ಕೊಂಡಿರ್ತಾರೆ. ನಿಮ್ಮೆದುರಿಗೆ ನಿಂತು ಮಾತಾಡ್ತಿರೋ ದೈತ್ಯ ಗಂಡಸಿನ ಹಿಂದೆ ಯಾರೋ ಸಣ್ಣ ಹುಡುಗಿ ಇರಬಹುದು, ಮುದುಕರು ಇರಬಹುದು. ಹಾಗಾಗಿ ನೋಟ್ಸಲ್ಲಿ ಅವತಾರದ ಹೆಸರು ಮತ್ತು ಹಿಂದಿರೋ ಮನುಷ್ಯನ ಹೆಸರು ಎರಡಕ್ಕೂ ಜಾಗ ಬಿಡಿ, ಎರಡನೇದು ಖಾಲಿ ಇದ್ರೆ ಖಾಲಿನೇ ಇರಲಿ, ಊಹೆ ಮಾಡಿ ತುಂಬಬೇಡಿ. ರೂಪ, ವಯಸ್ಸು, ಬಟ್ಟೆ ನೋಡಿ ಅಳೆಯೋ ನಮ್ಮ ಅಭ್ಯಾಸ ಅಲ್ಲಿ ನಡೆಯಲ್ಲ, ಬಳಸೋ ಮಾತು, ಅವರಿಗೆ ಗೊತ್ತಿರೋ ವಿಷಯ, ಗೊತ್ತಿರಬೇಕಾಗಿದ್ದೂ ಗೊತ್ತಿಲ್ಲದ ವಿಷಯ, ಇವೇ ಕೈಗೆ ಸಿಗೋ ಗುರುತು.

ಮಾತಾಡಿಸೋದು

ಮುಖ್ಯವಾದ ಕೆಲವು ಸಂಭಾಷಣೆಗಳಲ್ಲಿ ಒಂದು ಮಾಪಕ ಕಾಣತ್ತೆ. ನಿಮ್ಮ ಒಂದೊಂದು ಮಾತಿಗೂ ಅದು ಒಂದು ಕಡೆಗೆ ಅಥ್ವಾ ಇನ್ನೊಂದು ಕಡೆಗೆ ಜರುಗತ್ತೆ, ಒಂದು ತುದಿಗೆ ಹೋದ್ರೆ ಆ ಮನುಷ್ಯ ನಿಮ್ಮನ್ನ ನಂಬಿ ಮನಸ್ಸು ಬಿಚ್ಚಿ ಮಾತಾಡ್ತಾನೆ, ಇನ್ನೊಂದು ತುದಿಗೆ ಹೋದ್ರೆ ಸಿಟ್ಟಾಗಿ ಮುಚ್ಕೊಳ್ತಾನೆ. ಎಲ್ಲರಿಗೂ ಒಳ್ಳೆ ಮಾತೇ ಸರಿ ಅಂತ ಅನ್ಸತ್ತೆ, ಆದ್ರೆ ಸಿಹಿ ಮಾತಾಡಿದ ತಕ್ಷಣ ಎಲ್ಲರೂ ಕರಗಲ್ಲ. ಕೆಲವರಿಗೆ ಅನುಕಂಪ ತೋರಿಸಿದ್ರೆ ಅವಮಾನ ಆಗತ್ತೆ, ಕೆಲವರಿಗೆ ನೇರವಾಗಿ ವಿಷಯಕ್ಕೆ ಬಂದ್ರೇನೇ ಗೌರವ. ಆ ಮನುಷ್ಯನಿಗೆ ಏನು ಬೇಕು, ಯಾವುದರ ಭಯ ಇದೆ ಅಂತ ಮೊದಲ ಎರಡು ಮೂರು ಮಾತಲ್ಲೇ ಗುರುತಿಸೋಕೆ ನೋಡಿ, ಆಮೇಲೆ ಉತ್ತರ ಆರಿಸಿ.

ಮಾಪಕ ಕೆಟ್ಟ ಕಡೆಗೆ ಹೋಯ್ತು ಅಂದ್ರೆ ಸೋತಂಗಲ್ಲ. ಸಿಟ್ಟಲ್ಲಿ ಬಾಯಿ ಜಾರೋರು ಇರ್ತಾರೆ, ಶಾಂತವಾಗಿದ್ದಾಗ ಹೇಳದೇ ಇದ್ದದ್ದನ್ನ ರೇಗಿದಾಗ ಕಕ್ತಾರೆ. ನನಗೆ ಈ ಆಟದಲ್ಲಿ ಬಹಳ ಹಿಡಿಸಿದ್ದು ಇದೂ ಒಂದು, ಯಾವ ತುದಿಗೆ ಹೋದ್ರೂ ಏನೋ ಒಂದು ಸಿಗತ್ತೆ, ಬೇರೆ ಬೇರೆ ಸಿಗತ್ತೆ ಅಷ್ಟೆ. ನಿಜವಾಗಿ ಕೈಗೆ ಏನೂ ಹತ್ತದೇ ಹೋಗೋದು ಯಾವಾಗ ಅಂದ್ರೆ ಒಂದು ಸಲ ಬಿರುಸು, ಒಂದು ಸಲ ಮೃದು ಅಂತ ಮಧ್ಯದಲ್ಲೇ ಓಲಾಡಿದಾಗ. ಒಂದು ದಾರಿ ಹಿಡಿದ್ರೆ ಅದರಲ್ಲೇ ಹೋಗಿ.

ವೃತ್ತಿಯಿಂದ ತೆರೆಯೋ ಆಯ್ಕೆ ಕಂಡ ತಕ್ಷಣ ಅದನ್ನೇ ಒತ್ತಬೇಡಿ. ಅದು ನಿಮ್ಮ ಪಾತ್ರಕ್ಕೆ ಗೊತ್ತಿರೋ ವಿದ್ಯೆ ತೋರಿಸತ್ತೆ ಅಷ್ಟೆ, ಆ ಕ್ಷಣಕ್ಕೆ ಅದು ಸರಿನಾ ಅನ್ನೋದು ಬೇರೆ. ಮಗ ಸಾಯೋ ಸ್ಥಿತಿಯಲ್ಲಿ ಇರೋ ಅಪ್ಪನ ಮುಂದೆ ನಿಮ್ಮ ವೈದ್ಯಕೀಯ ಜ್ಞಾನ ಬಿಚ್ಚಿಟ್ರೆ ಅವನಿಗೆ ಧೈರ್ಯ ಬರತ್ತಾ, ಭಯ ಜಾಸ್ತಿ ಆಗತ್ತಾ, ಯೋಚನೆ ಮಾಡಿ.

ತೀರ್ಮಾನ, ಅಂದ್ರೆ ಡಿಡಕ್ಷನ್

ಈಗ ಆಟದ ಹೃದಯಕ್ಕೆ ಬರೋಣ. ಡಿಡಕ್ಷನ್ ಅಂತ ಒಂದು ಸ್ಕ್ರೀನ್ ಇದೆ. ಅದರಲ್ಲಿ ಕೇಸಿನ ಪ್ರಶ್ನೆ ಇರತ್ತೆ, ಉದಾಹರಣೆಗೆ ಇವನು ಯಾಕೆ ಹೀಗೆ ಸಿಕ್ಕಿಹಾಕ್ಕೊಂಡ ಅನ್ನೋ ಥರದ್ದು, ಅದರ ಕೆಳಗೆ ಬೇರೆ ಬೇರೆ ಉತ್ತರಗಳು. ನೀವು ಸಾಕ್ಷಿ ಸೇರಿಸಿದಂಗೆಲ್ಲಾ ಒಂದೊಂದು ಉತ್ತರಕ್ಕೆ ಬೇಕಾದ ಆಧಾರ ತುಂಬ್ತಾ ಹೋಗತ್ತೆ, ಬೇಕಾದಷ್ಟು ಸಿಕ್ಕಿದ ಮೇಲೆ ಆ ಉತ್ತರ ಆರಿಸೋಕೆ ಬರತ್ತೆ. ಆರಿಸಿದ್ರೆ ಮುಗೀತು, ಅದು ಬೀಗ ಬಿದ್ದಂಗೆ, ಬದಲಾಯಿಸೋಕೆ ಆಗಲ್ಲ, ಮುಂದಿನ ಪ್ರಶ್ನೆ ಬರತ್ತೆ, ಮುಂದಿನ ಸಂಭಾಷಣೆಗಳೂ ನೀವು ಆರಿಸಿದ ಉತ್ತರವನ್ನ ನಂಬಿಕೊಂಡೇ ನಡೀತವೆ. ನೀವು ಆರಿಸದೇ ಬಿಟ್ಟ ಉತ್ತರಕ್ಕೆ ಸಂಬಂಧಪಟ್ಟ ಮಾತುಗಳು ಅಲ್ಲಿಗೆ ಮುಚ್ಚಿಹೋಗ್ತವೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಉತ್ತರ ಆರಿಸೋಕೆ ಬರ್ತಿದೆ ಅಂದ ಮಾತ್ರಕ್ಕೆ ಅದು ಸರಿ ಅಂತ ಅಲ್ಲ. ಆ ಉತ್ತರವನ್ನ ಹೇಳೋಕೆ ಕನಿಷ್ಠ ಆಧಾರ ನಿಮ್ಮ ಹತ್ರ ಇದೆ ಅಂತ ಮಾತ್ರ ಅರ್ಥ. ಬೇರೆ ಉತ್ತರಗಳು ಇನ್ನೂ ಮುಚ್ಚಿರೋದು ಅವು ಸುಳ್ಳು ಅಂತಲ್ಲ, ಅವುಗಳ ಸಾಕ್ಷಿ ನಿಮಗೆ ಇನ್ನೂ ಸಿಕ್ಕಿಲ್ಲ ಅಂತ ಇರಬಹುದು. ಮೊದಲು ತೆರೆದ ಉತ್ತರ ಸಾಮಾನ್ಯವಾಗಿ ಸುಲಭಕ್ಕೆ ಸಿಗೋ ಸಾಕ್ಷಿಯಿಂದ ಬಂದಿರತ್ತೆ, ಅಂದ್ರೆ ಎಲ್ಲರೂ ಹೇಳ್ತಿರೋ ಮಾತು, ಎದುರಿಗೇ ಬಿದ್ದಿರೋ ವಸ್ತು. ಒಂದೇ ಒಂದು ಉತ್ತರ ತೆರೆದಿದ್ದಾಗ ಆರಿಸೋದು ಅಂದ್ರೆ ಟೈಲರ್ ಅಳತೆ ತಗೊಳ್ದೇ ಬಟ್ಟೆಗೆ ಕತ್ತರಿ ಹಾಕಿದಂಗೆ. ಕಮ್ಮಿ ಅಂದ್ರೂ ಇನ್ನೊಂದು ಉತ್ತರ ತೆರೆಯೋವರೆಗೆ ಕಾಯಿರಿ, ಎರಡೂ ನಿಮ್ಮ ಮುಂದೆ ಇದ್ದಾಗ ಮಾತ್ರ ಹೋಲಿಸೋಕೆ ಆಗತ್ತೆ.

ಹೋಲಿಸೋದು ಹೇಗೆ? ನೋಟ್ಸಿನ ಮೂರು ಭಾಗ ತೆಗೀರಿ. ಈ ಉತ್ತರ ನಿಂತಿರೋದು ಕಣ್ಣಾರೆ ನೋಡಿದ್ದರ ಮೇಲಾ, ಯಾರೋ ಹೇಳಿದ್ದರ ಮೇಲಾ? ಹೇಳಿದ್ದು ಅಂದ್ರೆ ಹೇಳಿದವರಿಗೂ ಈ ಉತ್ತರಕ್ಕೂ ಏನು ಸಂಬಂಧ, ಇದೇ ಉತ್ತರ ನಿಜ ಆದ್ರೆ ಅವರಿಗೆ ಒಳ್ಳೇದಾಗತ್ತಾ? ಸಾಕ್ಷಿಗಳ ಸಂಖ್ಯೆ ನೋಡಿ ಮೋಸ ಹೋಗ್ಬೇಡಿ, ನಾಲ್ಕು ಜನ ಒಂದೇ ಗಾಳಿಮಾತು ಹೇಳಿದ್ರೆ ಅದು ನಾಲ್ಕು ಸಾಕ್ಷಿ ಅಲ್ಲ, ಒಂದೇ. ಆಮೇಲೆ ಈ ಉತ್ತರ ನಿಜ ಆಗಿದ್ರೆ ಇನ್ನೇನು ಕಾಣ್ಬೇಕಿತ್ತು, ಅದು ಕಂಡಿದೆಯಾ ಅಂತ ನೋಡಿ. ಕೊನೇ ಪ್ರಶ್ನೆಗೆ ಬೆಲೆ ಜಾಸ್ತಿ, ಎಷ್ಟೋ ಸಲ ಅಲ್ಲೇ ತೀರ್ಮಾನ ಆಗತ್ತೆ.

ಹಾಗಂತ ನೂರಕ್ಕೆ ನೂರು ಖಾತ್ರಿ ಆಗೋವರೆಗೆ ಕಾಯ್ತೀನಿ ಅಂದ್ರೆ ಈ ಆಟದಲ್ಲಿ ಅದು ಬರಲ್ಲ. ಆಟ ಮಾಡಿದವರು ಬೇಕಂತಲೇ ಹಾಗೆ ಮಾಡಿದಾರೆ. ನೋಡೋದೆಲ್ಲಾ ನೋಡಿ, ಕೇಳೋದೆಲ್ಲಾ ಕೇಳಿ, ಜಾಗಗಳೆಲ್ಲಾ ಮುಗಿದ ಮೇಲೂ ಎರಡು ಉತ್ತರ ಸಮ ಸಮ ನಿಂತಿರತ್ತೆ, ಆಗ ನೀವೇ ಒಂದನ್ನ ಹೊತ್ಕೋಬೇಕು. ಆಮೇಲೆ ಯಾರೋ ಒಬ್ಬರ ಬದುಕು ನಿಮ್ಮ ಮಾತಿನ ಮೇಲೆ ಬದಲಾಗತ್ತೆ, ಅದು ಸರಿಯಿತ್ತಾ ಅಂತ ಹೇಳೋಕೆ ಯಾರೂ ಬರಲ್ಲ. ಆ ಭಾರ ಅನುಭವಿಸೋಕೆ ಈ ಆಟ ಆಡಬೇಕು ಅಂತ ನಾನು ಎಲ್ಲರಿಗೂ ಹೇಳೋದು. ಇಂಟರ್ನೆಟ್ಟಲ್ಲಿ ಸರಿ ಉತ್ತರ ಯಾವುದು ಅಂತ ಹುಡುಕಿ ಆಡಿದ್ರೆ ಉಳಿಯೋದು ಬರೀ ಓದು. ಎಲ್ಲಾದ್ರೂ ಮುಂದೆ ಹೋಗೋಕೇ ಆಗದೇ ಸಿಕ್ಕಿಹಾಕ್ಕೊಂಡ್ರೆ ಎಲ್ಲಿ ಹೋಗ್ಬೇಕು ಅನ್ನೋದನ್ನ ಮಾತ್ರ ಹುಡುಕಿ, ಯಾರು ಮಾಡಿದ್ದು ಅನ್ನೋದನ್ನ ಹುಡುಕಬೇಡಿ.

ಒಂದೊಂದು ಪ್ರಪಂಚಕ್ಕೆ ಒಂದೊಂದು ಕಣ್ಣು

ಟ್ವಿಸ್ಟೆಡ್ ಅಂಡ್ ಪರ್ವರ್ಟೆಡ್ ಕತ್ತಲೆ ಬೀದಿ, ಗ್ಯಾಂಗು, ಕ್ಲಬ್ಬು, ರಕ್ತ ಇರೋ ಪ್ರಪಂಚ. ಅಲ್ಲಿ ಎಲ್ಲರೂ ಕೆಟ್ಟವರ ವೇಷದಲ್ಲೇ ಇರ್ತಾರೆ, ಹಾಗಾಗಿ ಯಾರು ನಿಜವಾಗಿ ಕೆಟ್ಟವರು ಅಂತ ವೇಷ ನೋಡಿ ಹೇಳೋಕಾಗಲ್ಲ. ಆಟದ ನಿಯಮದ ಪ್ರಕಾರ ಆಡ್ತಿರೋರು ಮತ್ತು ಆಟದ ಹೆಸರಲ್ಲಿ ನಿಜವಾದ ಮನುಷ್ಯನಿಗೆ ನೋವು ಕೊಡ್ತಿರೋರು, ಇವರಿಬ್ಬರ ನಡುವಿನ ವ್ಯತ್ಯಾಸದ ಮೇಲೆ ಕಣ್ಣಿಡಿ.

ಹಾರ್ವೆಸ್ಟ್ ಟೈಮ್ ನೋಡಿದ್ರೆ ನಿಟ್ಟುಸಿರು ಬಿಡೋ ಹಾಗಿರತ್ತೆ, ಬಿಸಿಲು, ಹೊಲ, ಬೆಳೆ, ಹಳ್ಳಿ. ಮೊಬೈಲಲ್ಲಿ ಬೆಳೆ ಬೆಳೆಯೋ ಆಟ ಆಡಿರೋರಿಗೆ ತಕ್ಷಣ ಗುರುತು ಸಿಗತ್ತೆ, ಕಾಯಬೇಕು ಇಲ್ಲಾ ದುಡ್ಡು ಕೊಡಬೇಕು, ಎಲ್ಲದಕ್ಕೂ ಒಂದು ಬೆಲೆ. ನನ್ನ ಪ್ರಕಾರ ಇಡೀ ಆಟದಲ್ಲಿ ಅತಿ ಗಟ್ಟಿ ಭಾಗ ಇದು. ಇಲ್ಲಿ ಮಕ್ಕಳನ್ನ ದುಡಿಸ್ಕೊಳ್ಳೋ ವಿಷಯ ಬರತ್ತೆ, ಇದಕ್ಕಿಂತ ಹೆಚ್ಚು ಹೇಳಲ್ಲ. ಇದನ್ನ ಓದಿ ಉತ್ಪ್ರೇಕ್ಷೆ ಅಂತ ಅನ್ಸಬಹುದು, ಆದ್ರೆ ನಿಜವಾದ ಆನ್‌ಲೈನ್ ಆಟಗಳಲ್ಲಿ ಇದರ ಹತ್ರದ್ದು ನಡೆದಿದೆ, ಗೋಲ್ಡ್ ಫಾರ್ಮಿಂಗ್ ಅಂತ, 2000ದ ದಶಕದಲ್ಲಿ ಚೀನಾದಲ್ಲಿ ಸಾಲಾಗಿ ಕಂಪ್ಯೂಟರ್ ಮುಂದೆ ಕೂತು ಪಾಳಿಯಲ್ಲಿ ಆಟ ಆಡಿ, ಆಟದೊಳಗಿನ ಚಿನ್ನ ಗಳಿಸಿ, ಅದನ್ನ ಶ್ರೀಮಂತ ದೇಶದ ಆಟಗಾರರಿಗೆ ನಿಜ ದುಡ್ಡಿಗೆ ಮಾರೋದೇ ಎಷ್ಟೋ ಜನರ ನೌಕರಿಯಾಗಿತ್ತು. ಹಾಗಾಗಿ ಹಾರ್ವೆಸ್ಟ್ ಟೈಮಲ್ಲಿ ಯಾರು ಏನು ಮಾಡ್ತಿದಾರೆ ಅಂತ ನೋಡೋದ್ರ ಜೊತೆಗೆ ದುಡ್ಡು ಎಲ್ಲಿಂದ ಎಲ್ಲಿಗೆ ಹೋಗ್ತಿದೆ ಅಂತ ನೋಡಿ. ಯಾವ ವಸ್ತು ದುಡ್ಡಿಗೆ ಸಿಗತ್ತೆ, ಯಾವುದು ದುಡಿಮೆಯಿಂದ ಮಾತ್ರ ಸಿಗತ್ತೆ, ದುಡಿಮೆ ಯಾರದ್ದು, ಲಾಭ ಯಾರಿಗೆ. ನೋಟ್ಸಲ್ಲಿ ಇದಕ್ಕೇ ಒಂದು ಪುಟ ಇಡಿ. ಮತ್ತೆ ಅಲ್ಲಿನ ಮಕ್ಕಳ ಜೊತೆ ಮಾತಾಡೋವಾಗ ತನಿಖೆ ಬೇಗ ಮುಗಿಸೋಕೆ ಅಂತ ಗದರಿಸಬೇಡಿ, ಸಾಕ್ಷಿ ಸಿಗಬಹುದು, ಆದ್ರೂ ಬೇಡ. ಇದು ನನ್ನ ಅಭಿಪ್ರಾಯ.

ನೈಟ್ಸ್ ಕೋಡ್ ಕತ್ತಿ, ಗೌರವ, ಕಟ್ಟುಪಾಡುಗಳ ಪ್ರಪಂಚ, ತುಂಬಾ ವರ್ಷದಿಂದ ಅದರಲ್ಲೇ ಬದುಕಿರೋ ಆಟಗಾರರಿಗೆ ಅದು ಬರೀ ಆಟ ಅಲ್ಲ. ಇಲ್ಲಿ ನೀವು ಹೊರಗಿನವರು. ಮೊದಲು ಸುಮ್ನೆ ಅವರ ಪದ್ಧತಿ ಏನು ಅಂತ ಕೇಳಿ ತಿಳ್ಕೊಳ್ಳಿ, ಯಾರಿಗೆ ಯಾರು ಮರ್ಯಾದೆ ಕೊಡ್ತಾರೆ, ಏನು ಮಾಡಿದ್ರೆ ಅವಮಾನ ಅಂತ ನೋಡಿ, ಕೇಸಿನ ಪ್ರಶ್ನೆ ಆಮೇಲೆ.

ಕೊನೆಯ ಭಾಗ ಮತ್ತು ಎರಡನೇ ಸಲ

ಬಿಡಿ ಬಿಡಿ ಕೇಸುಗಳು ಮುಂದೆ ಹೋಗ್ತಾ ಒಂದು ದೊಡ್ಡ ಕಥೆಗೆ ಸೇರ್ಕೊಳ್ತವೆ. ಅಲ್ಲಿಂದ ಮುಂದೆ ಮಾತು ಜಾಸ್ತಿ, ದೊಡ್ಡ ದೊಡ್ಡ ವಿಚಾರಗಳು ಒಂದರ ಮೇಲೊಂದು ಬರ್ತವೆ, ಮೊದಲಿನ ಕೇಸುಗಳಲ್ಲಿದ್ದ ಹಾಗೆ ನಿಧಾನಕ್ಕೆ ಜಾಗ ಸುತ್ತಿ ಸಾಕ್ಷಿ ಸೇರಿಸೋ ಸುಖ ಕಮ್ಮಿ ಆಗತ್ತೆ. ನನಗೆ ಮೊದಲರ್ಧವೇ ಹೆಚ್ಚು ಇಷ್ಟ, ಅದನ್ನ ಮುಚ್ಚಿಡಲ್ಲ. ಆ ಹಂತಕ್ಕೆ ಬಂದಾಗ ದಣಿದಿದ್ರೆ ಒಂದು ದಿನ ಬಿಟ್ಟು ಕೂರಿ, ಕೋಡೆಕ್ಸಲ್ಲಿ ಸೇರಿರೋ ವಿಷಯಗಳನ್ನ ಈಗ ಒಂದ್ಸಲ ಪೂರ್ತಿ ಓದಿ, ಶುರುವಲ್ಲಿ ಬೇಡ ಅಂದಿದ್ದು ಈಗ ಕೆಲಸಕ್ಕೆ ಬರತ್ತೆ, ಯಾಕಂದ್ರೆ ಹಳೇ ಕೇಸಿನ ಹೆಸರುಗಳು ಮತ್ತೆ ಬರ್ತವೆ, ಹಿಂದೆ ನೀವು ಯಾರನ್ನ ಹೇಗೆ ನಡೆಸ್ಕೊಂಡ್ರಿ ಅನ್ನೋದೂ ಎದುರಿಗೆ ಬರತ್ತೆ.

ನಿಧಾನಕ್ಕೆ ಓದ್ಕೊಂಡು ಆಡಿದ್ರೆ ಒಂದು ಸಲಕ್ಕೆ ಹತ್ತರಿಂದ ಹದಿನೈದು ಗಂಟೆ ಹಿಡಿಯತ್ತೆ, ಈ ಥರದ ಆಟಗಳಿಗೆ ಹೋಲಿಸಿದ್ರೆ ಇದು ಚಿಕ್ಕದು, ಇನ್ನೊಂದ್ಸಲ ಆಡೋಕೆ ಅಂತಲೇ ಹಾಗಿದೆ. ಎರಡನೇ ಸಲ ಆಡೋವಾಗ ಬೇರೆ ಊರ ಮೂಲ, ಬೇರೆ ವೃತ್ತಿ ತಗೊಳ್ಳಿ, ಮೊದಲ ಸಲ ಹ್ಯಾಕರ್ ಆಗಿದ್ರೆ ಈ ಸಲ ಸ್ಕಾಲ್ಪೆಲ್ ದಾರಿ ಹಿಡೀರಿ. ಮೊದಲ ಸಲದ ನೋಟ್‌ಬುಕ್ ಎತ್ತಿಡಿ, ಆಡೋವಾಗ ತೆಗೀಬೇಡಿ, ಹೊಸ ಪುಟದಲ್ಲಿ ಮತ್ತೆ ಮೊದಲಿಂದ ಬರೀರಿ. ಒಂದು ಕೇಸು ಮುಗಿದ ಮೇಲೆ ಎರಡೂ ಪುಟ ಪಕ್ಕ ಪಕ್ಕ ಇಟ್ಟು ಓದಿ, ಯಾವ ಸಾಕ್ಷಿ ಎರಡೂ ಸಲ ಸಿಕ್ತು, ಯಾವುದು ಈ ಸಲ ಮಾತ್ರ ಸಿಕ್ತು, ಅದೇ ಮನುಷ್ಯ ಆಗ ಏನು ಹೇಳಿದ್ದ ಈಗ ಏನು ಹೇಳಿದ ಅಂತ. ಆಟ ಆಡಿರೋ ಇನ್ನೊಬ್ಬರು ನಿಮಗೆ ಗೊತ್ತಿದ್ರೆ ಅವರ ಫ್ರೆಡೊ ಕೇಸು ಹೇಗೆ ಮುಗೀತು ಅಂತ ಕೇಳಿ ನೋಡಿ, ನಿಮ್ಮ ಥರವೇ ಮುಗಿದಿರತ್ತೆ ಅಂತ ಅಂದ್ಕೋಬೇಡಿ.